ಮುಳ್ಳುಸೌತೆ ಬಳ್ಳಿ ಬಲೆಗೆ ಹತ್ತುತ್ತಿಲ್ಲ, ಪಕ್ಕದ ಕುಡಿ ಚಿವುಟಬೇಕಾ?

ತಾರಸಿ ಹಿತ್ತಲು (ಬೆಂಗಳೂರು):
ಎಲ್ಲರಿಗೂ ನಮಸ್ಕಾರ. ಅಮ್ಮ ಶಿರಸಿಯಿಂದ ಊರ ಮುಳ್ಳುಸೌತೆ ಬೀಜ ಕೊಟ್ಟು ಕಳಿಸಿದ್ದರು. ತಾರಸಿ ಮೇಲೆ ದೊಡ್ಡ ಗ್ರೋ ಬ್ಯಾಗ್‌ಗಳಲ್ಲಿ ಹಾಕಿದ್ದೀನಿ, ಈಗ ಮೊಣಕಾಲೆತ್ತರ ಬಂದಿವೆ. ಬಟ್ಟೆ ಒಣಗಿಸೋ ಕಬ್ಬಿಣದ ಪೈಪಿನಿಂದ ಹಕ್ಕಿ ಬಲೆ ಇಳಿಬಿಟ್ಟಿದ್ದೀನಿ, ಕಿರುಬೆರಳು ತೂರುವಷ್ಟು ಕಣ್ಣಿರೋದು. ಬಳ್ಳಿ ಮಾತ್ರ ಬಲೆ ಬಿಟ್ಟು ನೆಲದ ಕಡೆಗೇ ವಾಲುತ್ತಿದೆ. ಪೈಪಿಗೆ ಸುತ್ತಿಟ್ಟರೂ ಗಾಳಿ ಬಂದಾಗ ಜಾರುತ್ತದೆ.

ಇನ್ನೊಂದು ವಿಷಯ. ವಿಡಿಯೋಗಳಲ್ಲಿ ಎಲ್ಲರೂ ಪಕ್ಕದ ಕುಡಿಗಳನ್ನೆಲ್ಲ ಚಿವುಟಿ ಒಂದೇ ಕಾಂಡ ಬಿಡಿ ಅಂತಾರೆ. ಅಮ್ಮನನ್ನು ಕೇಳಿದರೆ "ಹಾಗೆಲ್ಲ ಮುಟ್ಟಡ" ಅಂದಳು, ಯಾಕೆ ಅಂತ ಹೇಳಲಿಲ್ಲ. ಚಿವುಟೋ ಮೊದಲು ಬೆಳೆದವರನ್ನ ಕೇಳೋಣ ಅಂತ ಬರೀತಿದ್ದೀನಿ.

ಮಿಡಿಸೌತೆ ರೈತ (ತುಮಕೂರು ಕಡೆ):
ಹಕ್ಕಿ ಬಲೆ ತೆಗೆದುಬಿಡಿ ಮೇಡಂ. ಕಾಯಿ ಅದರ ಕಣ್ಣಲ್ಲಿ ಸಿಕ್ಕಿಕೊಂಡು ನಡು ಕಟ್ಟಿದ ಹಾಗೆ ಬೆಳೆಯುತ್ತೆ. ನಾವು ಮಿಡಿಸೌತೆಗೆ (ಉಪ್ಪಿನಕಾಯಿಗೆ ಹೋಗೋ ಪುಟ್ಟ ಸೌತೆ, ಗರ್ಕಿನ್) ಗೂಟ ನೆಟ್ಟು, ಮೇಲೆ ತಂತಿ ಎಳೆದು, ಬಳ್ಳಿಗೊಂದು ಸುತ್ಲಿ ದಾರ ಇಳಿಬಿಡ್ತೀವಿ. ಬಲೆಯೇ ಬೇಕು ಅಂದ್ರೆ ಕೈ ಸಲೀಸಾಗಿ ತೂರೋ ಕಣ್ಣಿನದು ತಗೊಳ್ಳಿ. ಕಾಯಿ ಬಿಡೋಕೆ ಶುರುವಾದ ಮೇಲೆ ದಿನಾ ಬಳ್ಳಿ ನೋಡಬೇಕು. ನಮಗೆ ಒಂದು ಕೆಜಿಯಲ್ಲಿ 160ಕ್ಕಿಂತ ಹೆಚ್ಚು ಕಾಯಿ ಕೂರೋ ಅಷ್ಟು ಸಣ್ಣದಕ್ಕೇ ಒಳ್ಳೆ ರೇಟು, ಹಾಗಾಗಿ ಒಂದು ದಿನ ಬಿಟ್ಟರೂ ನಷ್ಟ. ಮನೆಗೆ ಬೆಳೆದರೂ ಅಷ್ಟೇ, ಬಲಿತ ಕಾಯಿ ಬಳ್ಳಿಯಲ್ಲೇ ಉಳಿದರೆ ಹೊಸ ಹೀಚು ನಿಲ್ಲೋದು ಕಡಿಮೆ ಆಗುತ್ತೆ.

ಬೆಟ್ಟದ ಬದಿ (ಶಿರಸಿ):
ತಂಗೀ, ನಿನ್ನ ಅಮ್ಮ ಹೇಳಿದ್ದು ಸರಿ. ಯಾಕೆ ಅಂತ ನಾನು ಹೇಳುತ್ತೇನೆ.

ಆ ವಿಡಿಯೋದವರು ಬೆಳೆಯುವುದು ಪಾಲಿಹೌಸ್ ಜಾತಿ. ಅದಕ್ಕೆ ಗಂಟುಗಂಟಿಗೂ ಹೆಣ್ಣು ಹೂವು, ಜೇನು ಬರದಿದ್ದರೂ ಕಾಯಿ ಕಚ್ಚುತ್ತದೆ. ಅವರಿಗೆ ಒಂದೇ ಕಾಂಡ ಸಾಕು. ನಮ್ಮ ಊರ ಬೀಜದ್ದು ಬೇರೆ ಸ್ವಭಾವ. ಮೊದಲು ಬುಡದ ಕಾಂಡದಲ್ಲಿ ಬರೀ ಗಂಡು ಹೂವು ಬರುತ್ತದೆ, ಹೆಣ್ಣು ಹೂವು ಹೆಚ್ಚಾಗಿ ಬರುವುದು ಪಕ್ಕದ ಕುಡಿಗಳಲ್ಲಿ. ಅದನ್ನೇ ಚಿವುಟಿದರೆ ಹಳದಿ ಹೂವು ನೋಡಬಹುದು, ಕಾಯಿ ಎಲ್ಲಿಂದ ಬರಬೇಕು? ಬುಡದಿಂದ ಒಂದು ಗೇಣಿನವರೆಗೆ ಮಾತ್ರ ಕುಡಿ ತೆಗೆ, ಅದೂ ಗಾಳಿ ಆಡಲಿ ಅಂತ. ಮಣ್ಣಿನ ನೀರು ಎಲೆಗೆ ಸಿಡಿದು, ಎಲೆ ಒದ್ದೆಯಾಗೇ ಉಳಿದರೆ ಬೂಜು ತುಪ್ಪಟ ರೋಗಕ್ಕೆ ದಾರಿ. ಉಳಿದ ಕುಡಿ ಒಂದನ್ನೂ ಮುಟ್ಟಬೇಡ. ಕಾಂಡ ಚಪ್ಪರದ ತುದಿ ಮುಟ್ಟಿದ ಮೇಲೆ ಅದರ ತಲೆ ಚಿವುಟು, ಪಕ್ಕದವು ನುಗ್ಗಿ ಬರುತ್ತವೆ.

ಇನ್ನು ಹತ್ತಿಸುವ ವಿಷಯ. ಎಲೆ ಬುಡದಿಂದ ಹೊರಡುವ ಆ ಸಪೂರ ಎಳೆಯನ್ನು ಸ್ವಲ್ಪ ಹೊತ್ತು ಕೂತು ನೋಡು. ಎಳೆಯ ತುದಿ ಕೊಕ್ಕೆಯಾಗಿ ಏನಾದರೂ ಸಿಗುತ್ತದಾ ಅಂತ ಗಾಳಿಯಲ್ಲಿ ಹುಡುಕುತ್ತಿರುತ್ತದೆ. ಕಡ್ಡಿ ತಾಗಿದರೆ ಸುತ್ತಿಕೊಳ್ಳುತ್ತದೆ. ಆಮೇಲೆ ನಡುವಿನ ಎಳೆ ಸ್ಪ್ರಿಂಗಿನ ಹಾಗೆ ನುಲಿದುಕೊಂಡು ಇಡೀ ಬಳ್ಳಿಯನ್ನು ತನ್ನ ಕಡೆಗೆ ಜಗ್ಗುತ್ತದೆ. ಆ ನುಲಿಗೆ ಅರ್ಧದವರೆಗೆ ಬಲಕ್ಕಿದ್ದರೆ ಮುಂದೆ ಎಡಕ್ಕೆ ತಿರುಗಿರುತ್ತದೆ. ಗಾಳಿಗೆ ಹಿಗ್ಗಿ ಕುಗ್ಗುತ್ತದೆಯೇ ಹೊರತು ಹರಿಯುವುದಿಲ್ಲ. ನನಗೆ ಈಗಲೂ ಅದನ್ನು ನೋಡಿದಷ್ಟೂ ಸಾಲದು.

ಇಷ್ಟು ಸಪೂರ ಎಳೆಗೆ ನಿನ್ನ ದಪ್ಪ ಪೈಪನ್ನು ಬಳಸಿ ಹಿಡಿಯುವುದು ಹೇಗೆ ಸಾಧ್ಯ? ಪೈಪು, ನುಣುಪು ಬಿದಿರು, ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಇವೆಲ್ಲ ಭಾರ ಹೊರುವುದಕ್ಕೆ. ಹಿಡಿದುಕೊಳ್ಳುವುದಕ್ಕೆ ಬೇರೆ ಬೇಕು. ನಾವು ಮೊದಲು ಟಿಸಿಲು ಟಿಸಿಲಾಗಿರುವ ಒಣ ಕೊಂಬೆ ಬುಡದಲ್ಲಿ ಊರುತ್ತೇವೆ, ಬಳ್ಳಿ ಅದನ್ನು ಹಿಡಿದು ದಬ್ಬೆ ಚಪ್ಪರಕ್ಕೆ ದಾಟುತ್ತದೆ. ಬೆಂಗಳೂರಲ್ಲಿ ಕೊಂಬೆಗೇನು ಬರವಿಲ್ಲ, ರಸ್ತೆ ಬದಿ ಮರ ಸವರಿದಾಗ ರಾಶಿ ಬಿದ್ದಿರುತ್ತದಲ್ಲ, ಅದನ್ನೇ ತಂದು ಊರು. ಮೇಲಕ್ಕೆ ತೆಂಗಿನ ನಾರಿನ ಹುರಿ ಕಟ್ಟು. ಅದರ ಸುಂಕು ಎಳೆಗೆ ಒಳ್ಳೆ ಹಿಡಿತ ಕೊಡುತ್ತದೆ, ನೈಲಾನ್ ಜಾರುತ್ತದೆ.

ಮೊದಲ ಎರಡು ಮೂರು ಕಡೆ ನೀನೇ ಕಟ್ಟಿಕೊಡಬೇಕು. ಬಾಳೆ ನಾರು ನೆನೆಸಿ, ಎಲೆಗಂಟಿನ ಕೆಳಗೆ, ಕಿರುಬೆರಳು ಆಡುವಷ್ಟು ಸಡಿಲ ಬಿಟ್ಟು ಕಟ್ಟು. ಬೆಳಗ್ಗೆ ಮಾತ್ರ ಬಳ್ಳಿ ಬಗ್ಗಿಸಬೇಡ. ಆಗ ನೀರು ತುಂಬಿ ಬಿರುಸಾಗಿರುತ್ತದೆ, ಪಟ್ಟನೆ ಮುರಿಯುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಸ್ವಲ್ಪ ಬಾಡಿ ಮೆತ್ತಗಾಗಿರುತ್ತದೆ, ಹೇಳಿದ ಹಾಗೆ ಕೇಳುತ್ತದೆ.

ಬಲೆಯನ್ನು ನೆಟ್ಟಗೆ ಇಳಿಬಿಡುವ ಬದಲು ಏಣಿ ಒರಗಿಸಿದ ಹಾಗೆ ಓರೆ ಮಾಡು. ಕಾಯಿ ಹಿಂಬದಿಗೆ ನೇತುಬಿದ್ದು ನೆಟ್ಟಗೆ ಬೆಳೆಯುತ್ತದೆ, ಎಲೆ ನೆರಳಲ್ಲಿ ಬಿಸಿಲು ಹೊಡೆಯುವುದಿಲ್ಲ, ಕೊಯ್ಯುವಾಗ ಕಣ್ಣಿಗೂ ಬೀಳುತ್ತದೆ.

ನಾಲ್ಕನೇ ಮಹಡಿ (ಬೆಂಗಳೂರು):
ತಾರಸಿಯಲ್ಲಿ ಬೆಳೆಯೋಳಾಗಿ ಎರಡು ಮಾತು ಸೇರಿಸ್ತೀನಿ. ಪೈಪು ಮಧ್ಯಾಹ್ನ ಕಾದು ಬೆಂಕಿ ಆಗಿರುತ್ತೆ, ಎಳೆ ಕುಡಿ ತಾಗಿದ್ರೆ ಸುಟ್ಟು ಹೋಗುತ್ತೆ. ಗೋಣಿ ಪಟ್ಟಿ ಸುತ್ತಿ. ಎರಡನೇದು, ಜೇನು ಬರದೇ ಇದ್ರೆ ಬೆಳಗ್ಗೆ ಹೂವು ಅರಳಿದಾಗ ನೀವೇ ಗಂಡು ಹೂವು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಸವರಿ. ಹಿಂದೆ ಪುಟ್ಟ ಮುಳ್ಳುಕಾಯಿ ಇರೋದೇ ಹೆಣ್ಣು. ಹೂವಿನ ಆಯಸ್ಸು ಒಂದೇ ದಿನ, ನಾಳೆ ನೋಡೋಣ ಅನ್ನೋ ಹಾಗಿಲ್ಲ. ಹೀಚು ಹಳದಿಯಾಗಿ ಉದುರಿದ್ರೆ ಗೊಬ್ಬರ ಸುರಿಯೋ ಮೊದಲು ಇದನ್ನ ಮಾಡಿ ನೋಡಿ.

ತಾರಸಿ ಹಿತ್ತಲು:
ಅಕ್ಕಾ, ಈಗ ಅರ್ಥ ಆಯ್ತು. ಹಕ್ಕಿ ಬಲೆ ಬಿಚ್ಚಿದೆ, ಹುರಿ ತಂದಿದ್ದೀನಿ. ಒಂದು ಕೇಳೋದಿದೆ. ಅಮ್ಮ ಬೀಜಕ್ಕೆ ಒಂದು ಕಾಯಿ ಬಿಡು ಅಂತಾಳೆ, ಮಿಡಿಸೌತೆಯವರು ಬಲಿಯೋಕೆ ಬಿಡಬೇಡಿ ಅಂತಾರೆ. ಪಕ್ಕದ ಮನೆ ತಾರಸಿಯಲ್ಲಿ ಮಂಗಳೂರು ಸೌತೆ ಬೇರೆ ಇದೆ, ಬೆರಕೆ ಆಗುತ್ತಾ?

ಬೆಟ್ಟದ ಬದಿ (ಶಿರಸಿ):
ಇಬ್ಬರೂ ಹೇಳಿದ್ದು ಸರಿಯೇ. ಮೊದಲು ತಿನ್ನುವಷ್ಟು ಕೊಯ್ದುಕೋ. ಬಳ್ಳಿಗೆ ಇನ್ನೂ ಕಸುವಿರುವಾಗಲೇ, ರೋಗವಿಲ್ಲದ ಒಂದು ಬಳ್ಳಿಯಲ್ಲಿ ಚಂದದ ಕಾಯಿ ಒಂದನ್ನು ಗುರುತು ಕಟ್ಟಿ ಬಿಡು. ಆ ಬಳ್ಳಿಯಿಂದ ಮುಂದೆ ಹೆಚ್ಚು ನಿರೀಕ್ಷೆ ಬೇಡ, ಉಳಿದವು ಕೊಡುತ್ತವೆ.

ಮಂಗಳೂರು ಸೌತೆ, ಅದೇ ನಮ್ಮ ಮೊಗೆಕಾಯಿ, ಕರಬೂಜದ ಕುಲದ್ದು. ಮುಳ್ಳುಸೌತೆ ಜೊತೆ ಬೆರೆಯುವುದಿಲ್ಲ. ಆದರೆ ಹತ್ತಿರದಲ್ಲಿ ಯಾರಾದರೂ ಅಂಗಡಿಯ ಹೈಬ್ರಿಡ್ ಸೌತೆಯನ್ನೋ ಮಿಡಿಸೌತೆಯನ್ನೋ ಹಾಕಿದ್ದರೆ ಖಂಡಿತ ಬೆರೆಯುತ್ತದೆ. ಆಗ ಹಿಂದಿನ ಸಂಜೆಯೇ, ನಾಳೆ ಅರಳುವ ಹೆಣ್ಣು ಮೊಗ್ಗಿಗೂ ಗಂಡು ಮೊಗ್ಗಿಗೂ ತೆಳು ಬಟ್ಟೆ ಚೀಲ ಕಟ್ಟಿಡು. ಬೆಳಗ್ಗೆ ಬಿಚ್ಚಿ, ಕೈಯಲ್ಲೇ ಸವರಿ, ಹೆಣ್ಣು ಹೂವಿಗೆ ಮತ್ತೆ ಚೀಲ ಕಟ್ಟು. ಕಾಯಿ ಕಂದು ಹಳದಿಗೆ ತಿರುಗಿ ತೊಟ್ಟು ಒಣಗುವವರೆಗೆ ಬಿಡು. ತಿರುಳು ಸಮೇತ ಬೀಜ ಒಂದೆರಡು ದಿನ ಹುಳಿಯಲು ಇಟ್ಟರೆ ಲೋಳೆ ಬಿಡುತ್ತದೆ. ತೊಳೆದಾಗ ತೇಲಿದ್ದನ್ನು ಚೆಲ್ಲು, ಮುಳುಗಿದ್ದನ್ನು ಬೂದಿ ಹಚ್ಚಿ ನೆರಳಲ್ಲಿ ಒಣಗಿಸು.