ಸುರಂಗದ ಡಾಕ್ಯುಮೆಂಟರಿಗೆ ದುಡ್ಡು ಎಲ್ಲಿಂದ ತರುವುದು?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬಾಯಾರಿನಿಂದ):
ಅಕ್ಕ, ನಮಸ್ಕಾರ. ಎರಡು ವರ್ಷದಿಂದ ನಮ್ಮೂರಿನ ಸುರಂಗಗಳ ಬಗ್ಗೆ ಒಂದು ಡಾಕ್ಯುಮೆಂಟರಿ ಮಾಡುತ್ತಿದ್ದೇನೆ. ಗುಂಪಿನಲ್ಲಿ ಹೊರಗಿನವರೂ ಇದ್ದಾರೆ, ಅವರಿಗಾಗಿ ಹೇಳುತ್ತೇನೆ: ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದುಕೊಂಡು ಹೋಗಿ ಒರತೆ ಹುಡುಕುವುದು, ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಅಂಗಳಕ್ಕೆ ಬರುತ್ತದೆ. ಕೈಯಲ್ಲಿ ಪಿಕಾಸು ಹಿಡಿದು ಕೊರೆಯುವವರು ಈಗ ಕೆಲವೇ ಮಂದಿ. ನಾನು ಹಿಂದೆ ಬಿದ್ದಿರುವ ಅಜ್ಜನಿಗೆ ಎಪ್ಪತ್ತು ದಾಟಿದೆ. ನನ್ನ ಕೈಯಿಂದ ಒಂದೂವರೆ ಲಕ್ಷ ಹೋಗಿ ಆಯ್ತು, ಇನ್ನೂ ಎಂಟು ಲಕ್ಷ ಬೇಕು. ಕೇರಳದ ಒಂದು ಕಚೇರಿಯಲ್ಲಿ "ಕನ್ನಡದಲ್ಲಿ ಯಾಕೆ ಮಾಡ್ತೀರಿ" ಅಂದರು. ಬೆಂಗಳೂರಿನ ಒಂದು ಕಚೇರಿಯಲ್ಲಿ ಆಧಾರ್ ನೋಡಿ "ನೀವು ಕೇರಳದವರಲ್ವಾ" ಅಂದರು. ಈಗ ಒಬ್ಬ ಉದ್ಯಮಿ ಪೂರ್ತಿ ದುಡ್ಡು ನಾನೇ ಕೊಡುತ್ತೇನೆ ಅಂದಿದ್ದಾರೆ. ಅವರದು ಬೋರ್‌ವೆಲ್ ಕೊರೆಯುವ ವ್ಯಾಪಾರ. ಕೊನೆಯಲ್ಲಿ ಅವರ ಲಾರಿಯನ್ನು ಚೆನ್ನಾಗಿ ತೋರಿಸಬೇಕಂತೆ. ನಗಬೇಡಿ.

ಉತ್ತರ (ಉಪ್ಪಳದಿಂದ, ಡಾಕ್ಯುಮೆಂಟರಿ ನಿರ್ಮಾಪಕಿ):
ಸ್ವಲ್ಪ ನಕ್ಕೆ ತಮ್ಮ, ಬೇಜಾರು ಮಾಡಬೇಡಿ. ಆ ದುಡ್ಡು ಬೇಡ. ಮರ್ಯಾದೆಯ ಪ್ರಶ್ನೆ ಅಂತಲ್ಲ. ಪಕ್ಕದಲ್ಲಿ ಬೋರ್‌ವೆಲ್ ಬಂದ ಮೇಲೆ ಸುರಂಗದ ನೀರು ಕಡಿಮೆ ಆಯ್ತು ಅಂತ ಆ ಅಜ್ಜ ಒಂದಲ್ಲ ಒಂದು ದಿನ ಕ್ಯಾಮೆರಾ ಎದುರು ಹೇಳಿಯೇ ಹೇಳುತ್ತಾರೆ, ಆಗ ಕತ್ತರಿ ಯಾರ ಕೈಯಲ್ಲಿರುತ್ತದೆ?

ನಮ್ಮ ಕಡೆ ಯಕ್ಷಗಾನದ ಹರಕೆ ಆಟ ಗೊತ್ತಲ್ವಾ. ಒಂದು ಮನೆಯವರು ಮೇಳಕ್ಕೆ ಪೂರ್ತಿ ವೀಳ್ಯ ಕೊಡುತ್ತಾರೆ, ಊರಿಡೀ ಪುಕ್ಕಟೆ ನೋಡುತ್ತದೆ. ಆಟ ಆಡಿಸಿದವರು ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಪೂಜೆಗೆ ನಿಲ್ಲುತ್ತಾರೆ, ಪ್ರಸಾದ ತೆಗೆದುಕೊಳ್ಳುತ್ತಾರೆ, ಆದರೆ ಹಾಡಿ ಆಟ ನಡೆಸುವ ಭಾಗವತರ ಕೈಯಿಂದ ಜಾಗಟೆ ಕಿತ್ತುಕೊಳ್ಳುವುದಿಲ್ಲ. ನಾನು ದುಡ್ಡು ಕೇಳಲು ಹೋಗುವಾಗ ಇದನ್ನೇ ಹೇಳುತ್ತೇನೆ. ಊರವರಿಗೆ ಕೂಡಲೇ ಅರ್ಥವಾಗುತ್ತದೆ, "ಎಡಿಟೋರಿಯಲ್ ಕಂಟ್ರೋಲ್" ಅಂದರೆ ಯಾರಿಗೂ ಆಗುವುದಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಎಂಟು ಲಕ್ಷ ಅಂತ ಒಟ್ಟಿಗೆ ಹೇಳಿದರೆ ಕೇಳಿದವರು ಹೆದರುತ್ತಾರೆ. ಅದನ್ನು ಒಡೆಯಿರಿ. ಉಳಿದ ಶೂಟಿಂಗ್ ಎಷ್ಟು ದಿನ, ಸುರಂಗದ ಒಳಗೆ ಲೈಟು ಮತ್ತು ಸೌಂಡಿಗೆ ಎಷ್ಟು, ಎಡಿಟಿಂಗ್ ಎಷ್ಟು ವಾರ, ಮಲಯಾಳ ಮತ್ತು ಇಂಗ್ಲಿಷ್ ಸಬ್‌ಟೈಟಲ್, ಹಾರ್ಡ್ ಡಿಸ್ಕ್ (ಎರಡು ಬೇಕು, ಒಂದೇ ಇಟ್ಟುಕೊಂಡು ಅತ್ತವರನ್ನು ನೋಡಿದ್ದೇನೆ), ಊಟ, ಪೆಟ್ರೋಲು. ನೀವು ಖಾಸಗಿಯಾಗಿ ಕಳಿಸಿದ ಪಟ್ಟಿಯಲ್ಲಿ ಒಂದು ಸಾಲು ಇಲ್ಲವೇ ಇಲ್ಲ: ನಿಮ್ಮ ಸಂಬಳ. ಅದನ್ನು ಸೇರಿಸಿ. ಸೊನ್ನೆ ಹಾಕಿದರೆ ಕೊಡುವವರು ಮೆಚ್ಚುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಇವನು ಅರ್ಧಕ್ಕೆ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾನೆ ಅಂತ ಅವರು ಲೆಕ್ಕ ಹಾಕುತ್ತಾರೆ ಅಷ್ಟೆ.

ಒಡೆದ ಮೇಲೆ ಒಂದೊಂದು ತುಂಡಿಗೆ ಒಂದೊಂದು ಬಾಗಿಲು. ಸಂಶೋಧನೆಯ ಭಾಗಕ್ಕೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ನೋಡಿ. 1993ರಲ್ಲಿ ಶುರುವಾದದ್ದು, ಸರ್ಕಾರದ್ದಲ್ಲ, ಇಡೀ ದೇಶದವರಿಗೆ ಅನುದಾನ ಕೊಡುತ್ತದೆ, ಹಾಗಾಗಿ ನೀವು ಕೇರಳದವರು ಅಂತ ಯಾರೂ ಆಧಾರ್ ತಿರುಗಿಸಿ ನೋಡುವುದಿಲ್ಲ. ಪ್ರಸ್ತಾವವನ್ನು ಕನ್ನಡದಲ್ಲೇ ಬರೆಯಬಹುದು. ಆದರೆ "ಅಳಿದು ಹೋಗುತ್ತಿರುವ ಪರಂಪರೆ" ಅಂತ ಶುರು ಮಾಡಬೇಡಿ, ದಿನಕ್ಕೆ ಅಂಥದ್ದು ಎಷ್ಟೋ ಓದಿರುತ್ತಾರೆ. ಒಳಗೆ ಗಾಳಿ ಉಂಟೋ ಇಲ್ಲವೋ ಅಂತ ಅಜ್ಜ ದೀಪ ಹಿಡಿದು ನೋಡುತ್ತಾರಲ್ವಾ, ಜ್ವಾಲೆ ಸಣ್ಣದಾದ ಕೂಡಲೇ ಹೊರಗೆ ಬರುತ್ತಾರಲ್ವಾ, ಅಲ್ಲಿಂದ ಶುರು ಮಾಡಿ.

ಎರಡನೆಯದು, ನಮ್ಮ ಸರ್ವೀಸ್ ಸಹಕಾರಿ ಬ್ಯಾಂಕುಗಳು. ಕೇರಳದ ಸಹಕಾರಿ ಸಂಘಗಳಲ್ಲಿ ಲಾಭದ ಒಂದು ಪಾಲನ್ನು ಕಾಮನ್ ಗುಡ್ ಫಂಡ್ ಅಂತ ತೆಗೆದಿಡುತ್ತಾರೆ, ಊರಿನ ಒಳ್ಳೆಯ ಕೆಲಸಕ್ಕೆ. ಸಿನಿಮಾಕ್ಕೆ ಕೇಳಿದರೆ ಆಗಲಿಕ್ಕಿಲ್ಲ. ನಮ್ಮ ಸದಸ್ಯರಾದ ಕೃಷಿಕರ ನೀರಿನ ದಾಖಲೆ, ಬ್ಯಾಂಕಿನ ಸಭಾಂಗಣದಲ್ಲಿ ಮೊದಲ ಪ್ರದರ್ಶನ ಅಂತ ಕೇಳಿ. ಅಧ್ಯಕ್ಷರು ಹೂಂ ಅಂದರೆ ಸಾಲದು, ಆಡಳಿತ ಮಂಡಳಿಯ ಸಭೆಯಲ್ಲಿ ನಿರ್ಣಯ ಆಗಬೇಕು. ಸಭೆ ಯಾವಾಗ ಅಂತ ಸೆಕ್ರೆಟರಿಯವರ ಹತ್ತಿರ ಕೇಳಿಕೊಂಡೇ ಅರ್ಜಿ ಕೊಡಿ.

ಮೂರನೆಯದು, ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. ಗಡಿಯಾಚೆಯ ಕನ್ನಡ ಕಾರ್ಯಕ್ರಮಗಳಿಗೂ ನೆರವು ಕೊಡುತ್ತಾರೆ. ಇಲ್ಲಿ ವ್ಯಕ್ತಿಯಾಗಿ ಹೋಗಬೇಡಿ, ನೋಂದಾಯಿತ ಕನ್ನಡ ಸಂಘದ ಮೂಲಕ ಹೋಗಿ, ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪ್ರದರ್ಶನ ಮತ್ತು ಸಂವಾದ ಅಂತ ಕೇಳಿ. ಸಿನಿಮಾ ಮುಗಿದ ಮೇಲೆ ಊರೂರು ತಿರುಗುವ ಖರ್ಚು ಹಾಗೆ ಹುಟ್ಟುತ್ತದೆ. ದುಡ್ಡು ಕೈಗೆ ಬರುವುದು ನಿಧಾನ, ಅದನ್ನು ನಂಬಿ ಕ್ಯಾಮೆರಾ ಬಾಡಿಗೆಗೆ ತರಬೇಡಿ.

ಸರ್ಕಾರಿ ದುಡ್ಡಿನಲ್ಲಿ ಡಾಕ್ಯುಮೆಂಟರಿ ಅಂದರೆ ಮೊದಲು ಫಿಲ್ಮ್ಸ್ ಡಿವಿಷನ್. 1948ರಿಂದ ಇತ್ತು, 2022ರಲ್ಲಿ ಅದನ್ನು ಎನ್‌ಎಫ್‌ಡಿಸಿಗೆ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮಕ್ಕೆ) ಸೇರಿಸಿದರು. ಹಳಬರು ಈಗಲೂ ಅದರ ಕಥೆ ಹೇಳುತ್ತಾರೆ, ಕೇಳಿ, ಆದರೆ ಅದಕ್ಕಾಗಿ ಕಾಯಬೇಡಿ.

ಪ್ರತಿಕ್ರಿಯೆ (ಬದಿಯಡ್ಕದಿಂದ):
ಇಷ್ಟೆಲ್ಲ ಬಾಗಿಲು ಯಾಕೆ? ಲೂಸಿಯಾ ಸಿನಿಮಾದ ತರಹ ದುಡ್ಡನ್ನು ಜನರಿಂದಲೇ ಎತ್ತಬಹುದಲ್ವಾ?

ಉತ್ತರ:
ಎತ್ತಬಹುದು. ಆದರೆ 2013ರ ಲೂಸಿಯಾ ಥಿಯೇಟರಿನಲ್ಲಿ ಟಿಕೆಟ್ ಮಾರುವ ಕಥಾಚಿತ್ರ, ನಿರ್ದೇಶಕರ ಬ್ಲಾಗು ಓದಿಕೊಂಡು ಮೊದಲೇ ಕಾಯುತ್ತಿದ್ದ ಜನ ಇದ್ದರು. ನಮ್ಮದಕ್ಕೆ ಟಿಕೆಟ್ ಇಲ್ಲ. ಲಾಭ ಬರುತ್ತದೆ ಅಂತ ಒಬ್ಬರಿಗೂ ಹೇಳಬೇಡಿ, ಬಾಯಿತಪ್ಪಿಯೂ.

ನಮಗೆ ಹತ್ತಿರದ ಉದಾಹರಣೆ ಕೋಯಿಕ್ಕೋಡಿನದು. ಮಲಯಾಳದ ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಒಡೆಸ್ಸಾ ಅನ್ನುವ ಗುಂಪಿನ ಗೆಳೆಯರು ಊರೂರಿಗೆ ಹೋಗಿ ಸಿನಿಮಾ ತೋರಿಸಿ, ಜನ ಕೊಟ್ಟ ಚಿಲ್ಲರೆ ಕೂಡಿಸಿ 1986ರಲ್ಲಿ ಅಮ್ಮ ಅರಿಯಾನ್ ಸಿನಿಮಾ ಮುಗಿಸಿದರು. ಅದಕ್ಕೂ ಮೊದಲು, 1976ರಲ್ಲಿ, ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡೆರಡು ರೂಪಾಯಿ ಹಾಕಿ ಮಂಥನ್ ಸಿನಿಮಾ ಮಾಡಿಸಿದರು. ಎರಡರಲ್ಲೂ ಗಮನಿಸಿ, ಆ ಜನ ಮೊದಲೇ ಒಟ್ಟು ಸೇರಿದ್ದರು, ಇಲ್ಲವೇ ಯಾರೋ ಅವರ ಅಂಗಳಕ್ಕೆ ಹೋಗಿ ಕೇಳಿದ್ದರು. ಸುಮ್ನೆ ಒಂದು ಲಿಂಕ್ ಹಾಕಿ ಕೂತರೆ ಚಿಕ್ಕಮ್ಮ ಮತ್ತು ಹಳೆಯ ಕ್ಲಾಸ್‌ಮೇಟ್ ಮಾತ್ರ ಕೊಡುತ್ತಾರೆ. ನನಗೆ ಹಾಗೇ ಆಯ್ತು. ನಾಲ್ಕು ವಾರದಲ್ಲಿ 38 ಸಾವಿರ, ಅದರಲ್ಲಿ 20 ಸಾವಿರ ಅಪ್ಪನದು. ಆಮೇಲೆ ಹನ್ನೊಂದು ಮನೆಯ ಜಗಲಿಯಲ್ಲಿ ಹತ್ತು ನಿಮಿಷದ ತುಣುಕು ತೋರಿಸಿದೆ. ಚಾ ಕುಡಿದು ಕುಡಿದು ಹೊಟ್ಟೆ ಕೆಟ್ಟಿತು, ದುಡ್ಡು ಮಾತ್ರ ಮೂರು ಪಾಲು ಜಾಸ್ತಿ ಬಂತು. ದೇವಸ್ಥಾನದ ಬ್ರಹ್ಮಕಲಶಕ್ಕೆ ರಶೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವುದು ನಮ್ಮ ಊರಿಗೆ ಹೊಸತೇನಲ್ಲವಲ್ಲ.

ಪ್ರತಿಕ್ರಿಯೆ (ದುಬೈಯಿಂದ, ಊರು ಕುಂಬಳೆ):
ಇಲ್ಲಿ ನಾವು ಹತ್ತಿಪ್ಪತ್ತು ಜನ ಸೇರಿ ಕಳಿಸಬಹುದು ಅಕ್ಕ. ನಮ್ಮ ಮನೆಯಲ್ಲೂ ಸುರಂಗ ಉಂಟು. ಆದರೆ ವಿದೇಶದ ದುಡ್ಡು ಅಂತ ಕೇಸು ಆಗುತ್ತದೆ ಅಂತ ಒಬ್ಬರು ಹೆದರಿಸಿದರು.

ಉತ್ತರ:
ಇದಕ್ಕೆ ನಮ್ಮ ಸಿಎ ಅಣ್ಣ ಹೇಳಲಿ. ನಾನು ಅರ್ಧ ತಿಳಿದು ಹೇಳಿದರೆ ಕಷ್ಟ.

ಪ್ರತಿಕ್ರಿಯೆ (ಕಾಸರಗೋಡಿನಿಂದ, ಸಿಎ):
ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ದುಡಿಮೆಯ ದುಡ್ಡನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ಎಫ್‌ಸಿಆರ್‌ಎ (ವಿದೇಶಿ ಕೊಡುಗೆ ನಿಯಂತ್ರಣ ಕಾಯ್ದೆ) ಪ್ರಕಾರ ವಿದೇಶಿ ಕೊಡುಗೆ ಅಲ್ಲ. ದುಬೈಯಲ್ಲಿದ್ದರೂ ಅಷ್ಟೆ. ಅಮೆರಿಕ, ಕೆನಡಾದ ಪೌರತ್ವ ತೆಗೆದುಕೊಂಡ ಬಂಧುವಲ್ಲದ ಊರವರು ಕಳಿಸಿದರೆ ವಿದೇಶಿ ಕೊಡುಗೆಯೇ, ಮೂಲ ಕುಂಬಳೆ ಅಂದರೂ ನಡೆಯುವುದಿಲ್ಲ. ಹಾಗಾಗಿ ಕಳಿಸುವವರ ಪಾಸ್‌ಪೋರ್ಟ್ ಪ್ರತಿ ತೆಗೆದಿಟ್ಟುಕೊಳ್ಳಿ.

ಇದಕ್ಕಿಂತ ಜನ ಎಡವುವುದು ಆದಾಯ ತೆರಿಗೆಯಲ್ಲಿ. ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ನಿಮ್ಮ ಖಾತೆಗೆ ಉಡುಗೊರೆಯಾಗಿ ಬಂದದ್ದು ಒಟ್ಟು 50,000 ರೂಪಾಯಿ ದಾಟಿದರೆ, ದಾಟಿದ ಭಾಗಕ್ಕಲ್ಲ, ಪೂರ್ತಿ ಮೊತ್ತಕ್ಕೆ ತೆರಿಗೆ ಲೆಕ್ಕ. ಸಿನಿಮಾಕ್ಕೇ ಒಂದು ಪ್ರತ್ಯೇಕ ಖಾತೆ ಮಾಡಿ, ಖರ್ಚಿನ ಬಿಲ್ಲು ಇಡಿ, ಸಾಧ್ಯವಾದರೆ ನೋಂದಾಯಿತ ಸಂಘದ ಖಾತೆಯ ಮೂಲಕ ತನ್ನಿ. ಸಂಘಕ್ಕೆ 80ಜಿ (ದೇಣಿಗೆಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ) ಇದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವ ದಾನಿಗಳಿಗೂ ರಿಯಾಯಿತಿ, ನಗದಾಗಿ 2,000 ದಾಟಿ ಕೊಟ್ಟರೆ ಆ ರಿಯಾಯಿತಿ ಇಲ್ಲ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ ದುಡ್ಡು) ಬಗ್ಗೆ ತುಂಬ ಜನ ಕೇಳುತ್ತಾರೆ. 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿ ಉಂಟು, ಸುರಂಗಕ್ಕೆ ಹೊಂದುತ್ತದೆ. ಆದರೆ ಖಾಸಗಿ ವ್ಯಕ್ತಿಯ ಕೈಗೆ ಕೊಡುವುದಿಲ್ಲ, ಸಿಎಸ್‌ಆರ್-1 ನೋಂದಣಿ ಇರುವ ಟ್ರಸ್ಟೋ ಸಂಘವೋ ಬೇಕು.

ಪ್ರತಿಕ್ರಿಯೆ (ಮುಳ್ಳೇರಿಯದಿಂದ):
ಎಂಟು ಲಕ್ಷ ಎಂತಕ್ಕೆ ಮಾರಾಯ್ರೆ? ಮೊಬೈಲಿನಲ್ಲಿ ತೆಗೆದು ಯೂಟ್ಯೂಬಿಗೆ ಹಾಕಿದರೆ ಮುಗಿಯಿತು.

ಉತ್ತರ:
ಮೊಬೈಲಿನಲ್ಲಿ ತೆಗೆಯಬಹುದು, ನಾನು ಬೇಡ ಅನ್ನುವುದಿಲ್ಲ. ಸುರಂಗದ ಒಳಗೆ ಒಮ್ಮೆ ಹೋಗಿ ನೋಡಿ. ಒಬ್ಬರು ನಡೆಯುವಷ್ಟೇ ಅಗಲ, ಕತ್ತಲು, ತಲೆ ಮೇಲೆ ನೀರು ತೊಟ್ಟಿಕ್ಕುತ್ತದೆ, ಪಿಕಾಸಿನ ಪೆಟ್ಟು ಕಿವಿಗೆ ಹೊಡೆಯುತ್ತದೆ. ಚಿತ್ರ ಹೇಗಾದರೂ ಬಂದೀತು. ಅಜ್ಜ ಏದುಸಿರು ಬಿಡುತ್ತಾ ಆಡಿದ ಮಾತು ಕೇಳಿಸಬೇಕಾದರೆ ಒಳ್ಳೆಯ ಮೈಕು ಬೇಕು, ಅದನ್ನು ಹಿಡಿಯಲು ಒಬ್ಬರು ಬೇಕು, ಅವರಿಗೆ ದಿನಗೂಲಿ ಬೇಕು.

ಪ್ರಶ್ನೆ ಕೇಳಿದವರು:
ಅಕ್ಕ, ಹೊರದೇಶದ ಫಂಡ್‌ಗಳು? ಇಡ್ಫಾ ಬರ್ತಾ ಫಂಡ್ ಅಂತ ಓದಿದೆ.

ಉತ್ತರ:
ಆಮ್ಸ್ಟರ್‌ಡ್ಯಾಮಿನ ಡಾಕ್ಯುಮೆಂಟರಿ ಉತ್ಸವದವರದು, 1998ರಿಂದ ಉಂಟು, ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದವರಿಗೆ ಅಂತಲೇ ಮಾಡಿದ್ದು. ಅಮೆರಿಕದ ಸಂಡ್ಯಾನ್ಸ್ ಸಂಸ್ಥೆಯವರದೂ ಉಂಟು. ಪೈಪೋಟಿ ವಿಪರೀತ, ಮತ್ತು ಎಫ್‌ಸಿಆರ್‌ಎ ಗೇಟು ದಾಟಬೇಕು. 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ಒಂದು ಸಂಸ್ಥೆ ವಿದೇಶಿ ಕೊಡುಗೆ ಪಡೆದು ಇನ್ನೊಬ್ಬರಿಗೆ ದಾಟಿಸುವ ಹಾಗಿಲ್ಲ. ಹಿಂದೆ ನಾವೆಲ್ಲ ಹೋಗುತ್ತಿದ್ದ ದಾರಿ ಅದೇ ಆಗಿತ್ತು. ಮೊದಲ ಚಿತ್ರಕ್ಕೆ ಇದನ್ನು ಕಟ್ಟಿಕೊಳ್ಳಬೇಡಿ.

ಅದರ ಬದಲು ರಫ್ ಕಟ್ (ಮೊದಲ ಕಚ್ಚಾ ಜೋಡಣೆ) ಆದ ಮೇಲೆ ಕೋಲ್ಕತ್ತಾದ ಡಾಕೆಡ್ಜ್ ಪಿಚಿಂಗಿಗೆ, ಅಂದರೆ ದುಡ್ಡು ಹಾಕುವವರ ಎದುರು ಚಿತ್ರದ ಬಗ್ಗೆ ಹೇಳಿಕೊಳ್ಳುವ ಕಡೆಗೆ, ಅರ್ಜಿ ಹಾಕಿ, ಗೋವಾದಲ್ಲಿ ನಡೆಯುವ ಸಿನಿಮಾ ಮಾರುಕಟ್ಟೆ ಫಿಲ್ಮ್ ಬಜಾರ್ ನೋಡಿ. ತಿರುವನಂತಪುರದಲ್ಲಿ ಕೇರಳ ಚಲಚ್ಚಿತ್ರ ಅಕಾಡೆಮಿ 2008ರಿಂದ ಡಾಕ್ಯುಮೆಂಟರಿ ಮತ್ತು ಕಿರುಚಿತ್ರೋತ್ಸವ ಮಾಡುತ್ತದೆ. ಅಲ್ಲಿಗೆ ಸಿನಿಮಾ ಮುಗಿಯುವ ಮೊದಲೇ ಒಮ್ಮೆ ಸುಮ್ನೆ ಪ್ರೇಕ್ಷಕನಾಗಿ ಹೋಗಿ ಬನ್ನಿ. ಮಂಜೇಶ್ವರದಲ್ಲಿ ರೈಲು ಹತ್ತಿದರೆ ಆಯ್ತು. ನನ್ನ ಮೂರನೇ ಚಿತ್ರದ ಸೌಂಡ್ ಮಿಕ್ಸಿಂಗಿನ ದುಡ್ಡು ಹುಟ್ಟಿದ್ದು ಅಲ್ಲಿನ ಕ್ಯಾಂಟೀನಿನ ಸಾಲಿನಲ್ಲಿ.

ಇನ್ನೊಂದು ಮಾತು, ಇದನ್ನು ಮರೆತರೆ ಮೇಲಿನದೆಲ್ಲ ದಂಡ. ನನ್ನ ಎರಡನೇ ಚಿತ್ರಕ್ಕೆ ಒಂದು ಸಂಸ್ಥೆ ದುಡ್ಡು ಕೊಟ್ಟಿತು. ಹೆಸರು ಬೇಡ. ಖುಷಿಯಲ್ಲಿ ನಾನು ಓದದೆ ಸಹಿ ಹಾಕಿದೆ. ಶೂಟ್ ಮಾಡಿದ ಪ್ರತಿಯೊಂದು ನಿಮಿಷವೂ ಅವರದು ಅಂತ ಒಳಗೆ ಬರೆದಿತ್ತು. ಆ ಚಿತ್ರದಲ್ಲಿ ಮಾತಾಡಿದ ಒಬ್ಬ ಅಮ್ಮ ತೀರಿಕೊಂಡಾಗ ಮಕ್ಕಳು ಅವರ ಎರಡು ನಿಮಿಷದ ತುಣುಕು ಕೇಳಿದರು, ನನಗೆ ಕೊಡಲಿಕ್ಕೆ ಆಗಲಿಲ್ಲ. ಅದಕ್ಕೆ ಈಗ ಒಪ್ಪಂದದಲ್ಲಿ ಮೂರು ವಿಷಯ ನೋಡದೆ ಪೆನ್ನು ಮುಟ್ಟುವುದಿಲ್ಲ: ಫೂಟೇಜ್ ಯಾರದು, ಕೊನೆಯ ಕಟ್ ಯಾರದು, ಕಂತು ಯಾವ ತಾರೀಕಿಗೆ. "ಸಿನಿಮಾ ತೃಪ್ತಿಕರವಾದ ಮೇಲೆ" ಅಂತ ಬರೆದಿದ್ದರೆ ಹೊಡೆದು ಹಾಕಿ, ತೃಪ್ತಿಗೆ ತಾರೀಕಿಲ್ಲ. ಅಜ್ಜನಿಗೆ ಒಂದು ಪ್ರತಿ ಕೊಡುವ ಹಕ್ಕನ್ನೂ ಬರೆಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ಸರಿ ಅಕ್ಕ. ಹತ್ತು ನಿಮಿಷದ ತುಣುಕು ಈ ವಾರ ಕಟ್ ಮಾಡುತ್ತೇನೆ. ಬ್ಯಾಂಕಿನ ಸಭೆ ಮುಂದಿನ ತಿಂಗಳಂತೆ, ಕೇಳಿ ಆಯ್ತು. ಬೋರ್‌ವೆಲ್‌ನವರಿಗೂ ಫೋನ್ ಮಾಡಿ ಬೇಡ ಅಂದೆ. ಅವರು ಸಿಟ್ಟಾಗಲಿಲ್ಲ. ಅವರ ಹಳೆಯ ಮನೆಗೆ ಇವತ್ತಿಗೂ ಸುರಂಗದ್ದೇ ನೀರಂತೆ, ಬಂದು ಶೂಟ್ ಮಾಡಿ ಅಂದಿದ್ದಾರೆ. ಹೋಗಬಹುದಾ?

ಉತ್ತರ:
ಖಂಡಿತ ಹೋಗಿ. ಊಟ ಕೊಟ್ಟರೆ ಉಣ್ಣಿ, ಚೆಕ್ ಕೊಟ್ಟರೆ ಬೇಡ. ಭಾನುವಾರದೊಳಗೆ ಹೊಸ ಬಜೆಟ್ ಕಳಿಸಿ. ಸಂಬಳದ ಸಾಲು ಖಾಲಿ ಇದ್ದರೆ ನಾನು ಮುಂದಕ್ಕೆ ಓದುವುದಿಲ್ಲ.