ಸಹಾಯ ಬೇಕು: ಕ್ರಿಸ್ಮಸ್ ಊಟದ ಮೇಜಿನ ಅಲಂಕಾರ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 25ರ ಮಧ್ಯಾಹ್ನ ಮಂಗಳೂರಿನ ನಮ್ಮ ಮನೆಯಲ್ಲಿ ಎಂಟು ಮಂದಿ ಊಟಕ್ಕೆ ಕೂರುತ್ತೇವೆ. ಅಮ್ಮ ತೀರಿಕೊಂಡ ಮೇಲೆ ಬರುತ್ತಿರುವ ಮೊದಲ ಹಬ್ಬ; ಮೇಜು ಸಿಂಗರಿಸುವ ಹೊಣೆ ಈಗ ನನ್ನದು.

ಅಮ್ಮ ಕ್ರೋಶಾದಲ್ಲಿ ಹೆಣೆದ ಬಿಳಿ ಮೇಜುಬಟ್ಟೆಯನ್ನೇ ಹಾಸಬೇಕೆಂದಿದ್ದೇನೆ. ಅದರ ಒಂದು ಮೂಲೆಯಲ್ಲಿ ಬಫಾತಿನ (ಮಸಾಲೆ ಹಾಕಿದ ಮಾಂಸದ ಪದಾರ್ಥ) ಅರಿಸಿನ ಕಲೆ ಅಂಗೈಯಗಲ ಉಳಿದಿದೆ. ಸೋಪು ಹಾಕಿ ಒಗೆದು ಎರಡು ದಿನ ಬಿಸಿಲಿಗೆ ಹರವಿದೆ. ಬಣ್ಣ ಮಾಸಿತೇ ಹೊರತು ಪೂರ್ತಿ ಹೋಗಲಿಲ್ಲ. ನೂಲು ಹಳೆಯದು, ಬ್ಲೀಚ್ ಹಾಕಲು ಮನಸ್ಸು ಬರುತ್ತಿಲ್ಲ. ಬೇರೆ ಉಪಾಯವಿದೆಯೇ, ಅಥವಾ ಕಲೆಯ ಮೇಲೆ ಏನನ್ನಾದರೂ ಇಟ್ಟುಬಿಡಲೇ?

ಮೇಜು 6 ಅಡಿ ಉದ್ದ, 3 ಅಡಿ ಅಗಲ. ನಡುವೆ ಕುಸ್ವಾರಿನ (ಕ್ರಿಸ್ಮಸ್ ತಿಂಡಿಗಳ) ತಟ್ಟೆ ಇರಲೇಬೇಕು: ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕೀಸ್. ಸಾನ್ನಾಂ (ಇಡ್ಲಿಯಂಥ ಅಕ್ಕಿ ತಿಂಡಿ), ಬಫಾತ್ ಪಾತ್ರೆಗಳಿಗೂ ಜಾಗ ಬೇಕು. ಹಾಗಾದರೆ ಹೂವು ಎಲ್ಲಿಡಲಿ? ಪ್ಲಾಸ್ಟಿಕ್ ಹೂವು ನನಗೆ ಒಗ್ಗುವುದಿಲ್ಲ. ಅಂಗಳದ ಕೆಂಪು ಕ್ರೋಟನ್ ಎಲೆಗಳೂ ಶಂಕರಪುರ ಮಲ್ಲಿಗೆಯ ಎರಡು ಚೆಂಡುಗಳೂ ಸಾಕೆಂದುಕೊಂಡಿದ್ದೇನೆ. ಬೆಳಿಗ್ಗೆ ತಂದ ಮಲ್ಲಿಗೆ ಊಟದ ಹೊತ್ತಿಗೆ ಬಾಡದಂತೆ ಹೇಗೆ ಇಡುತ್ತೀರಿ?

ಇನ್ನೊಂದು ವಿಷಯ. ನಮ್ಮ ಕರಾವಳಿಯ ಸೆಕೆಗೆ ಡಿಸೆಂಬರಿನಲ್ಲೂ ಫ್ಯಾನ್ ನಿಲ್ಲಿಸುವಂತಿಲ್ಲ. ಗಾಜಿನ ಲೋಟದೊಳಗೆ ಇಟ್ಟರೂ ಮೇಣದಬತ್ತಿ ಆರುತ್ತಿದೆ. ಅಮ್ಮನ ಹೆಸರಿನಲ್ಲಿ ಒಂದು ಬತ್ತಿಯಾದರೂ ಊಟ ಮುಗಿಯುವವರೆಗೆ ಉರಿಯಬೇಕು. ಅನುಭವವಿದ್ದವರು ದಯವಿಟ್ಟು ತಿಳಿಸಿ. ಫೋಟೋ ಹಾಕಿದರೆ ಇನ್ನೂ ಉಪಕಾರ.