ಖಿನ್ನತೆ ಇದ್ದಾಗ ತಲೆಯಲ್ಲಿ ಓಡುವ ಕೆಟ್ಟ ವಿಚಾರ: ಕೇಳಿದ್ದಕ್ಕೆ ಉತ್ತರ

ಪ್ರಶ್ನೆ, ಹುಬ್ಬಳ್ಳಿಯಿಂದ: ನಮಸ್ಕಾರ್ರಿ ಮೇಡಮ್. ಡಿಪ್ರೆಶನ್‌ಗೆ ಗುಳಿಗಿ ತಗೋಳಿಕತ್ತು ಎರಡು ತಿಂಗಳಾತು. ನಿದ್ದಿ, ಊಟ ಸುಧಾರಿಸ್ಯಾವ, ಆದ್ರ ಉಲ್ಟಾ ವಿಚಾರ ಹಂಗ ಅದಾವ. ವಿಚಾರ ಬರದು ನೋಡ್ರಿ ಅಂದಿದ್ರು, ಬರದೇನಿ. ಒಂದು ಸಾಲು ಹಾಕ್ಲಿಕತ್ತೇನಿ: "ಸೋಮವಾರ. ಸಾಹೇಬ್ರು ಮರ್ಯಾದಿ ತಗದ್ರು. ಭಾಳ ಬ್ಯಾಸರಾತು. ನಾನ್ಯಾಕ ಹಿಂಗ? ಪಾಸಿಟಿವ್ ಇರಬೇಕು." ಬರದ ಮ್ಯಾಲ ಇನ್ನೂ ಕೆಟ್ಟ ಅನಿಸ್ತೈತಿ. ಏನ್ ತಪ್ಪಾಗೈತ್ರಿ?

ಉತ್ತರ, ಧಾರವಾಡದ ಮನಶ್ಶಾಸ್ತ್ರಜ್ಞೆ: ಸಾಲನ್ನೇ ಇಲ್ಲಿ ಹಾಕಿದ್ದು ಚಲೋ ಆತ್ರಿ, ಅದನ್ನೇ ತಿದ್ದೋಣ. ಈ ಬರೆಯುವ ಪದ್ಧತಿ 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸೆಯಿಂದ ಬಂದದ್ದು. ಮೊದಲ ಕಾಲಂನಲ್ಲಿ ನಡೆದದ್ದಷ್ಟೇ ಇರಬೇಕು, ಸಿಸಿ ಕ್ಯಾಮೆರಾದಲ್ಲಿ ಏನು ಕಾಣಿಸುತ್ತಿತ್ತೋ, ಏನು ಕೇಳಿಸುತ್ತಿತ್ತೋ ಅಷ್ಟು. "ಮರ್ಯಾದಿ ತಗದ್ರು" ಅನ್ನುವುದು ಆಗಲೇ ತೀರ್ಪು. ಸಾಹೇಬರು ಅಂದ ಮಾತು ಯಾವುದು? "ಈ ಲೆಕ್ಕ ಮತ್ತೊಮ್ಮೆ ನೋಡ್ರಿ" ಅಂದಿದ್ದರೆ ಅದನ್ನೇ ಬರೆಯಿರಿ. ವೇಳೆ ಎಷ್ಟು, ಎದುರಿಗೆ ಯಾರಿದ್ದರು, ಅದನ್ನೂ ಸೇರಿಸಿ.

ಬ್ಯಾಸರಕ್ಕೆ ನೂರರಲ್ಲಿ ಒಂದು ಅಂಕಿ ಕೊಡಿ, 80 ಅನ್ನಿಸಿದರೆ 80. ಆಮೇಲೆ ವಿಚಾರ. "ನಾನ್ಯಾಕ ಹಿಂಗ?" ಎಂಬುದು ಪ್ರಶ್ನೆ, ಪ್ರಶ್ನೆಯನ್ನು ಖರೆ-ಸುಳ್ಳು ಅಂತ ಪರೀಕ್ಷೆ ಮಾಡಲಿಕ್ಕೆ ಬರುವುದಿಲ್ಲ. "ಹಂಗಿದ್ರ ನನ್ನ ಬಗ್ಗೆ ಏನರ್ಥ ಆತು?" ಅಂತ ಎರಡು ಮೂರು ಸಲ ನಿಮ್ಮನ್ನೇ ಕೇಳಿಕೊಳ್ಳಿ. "ನನಗೆ ಕೆಲಸ ಬರೂದಿಲ್ಲ, ತಗದ ಹಾಕ್ತಾರ" ಎಂಬಂಥ ಸಾಲು ಹೊರಗೆ ಬರುತ್ತದೆ. ಯಾವ ಸಾಲು ಬರೆಯುವಾಗ ಎದಿ ಭಾರ ಆಗುತ್ತದೋ ಅದೇ ನೀವು ಪರೀಕ್ಷೆ ಮಾಡಬೇಕಾದ ಸಾಲು. ಅದನ್ನು ಎಷ್ಟು ನಂಬುತ್ತೀರಿ ಎಂಬುದಕ್ಕೂ ಅಂಕಿ ಹಾಕಿ.

ಈಗ ಎರಡು ಕಾಲಂ. ಆ ವಿಚಾರದ ಪರವಾಗಿ ಇರುವ ಪುರಾವೆಯನ್ನೇ ಮೊದಲು ಬರೆಯಿರಿ, ಮುಚ್ಚಿಡಬೇಡಿ: "ಹೋದ ತಿಂಗಳೂ ಒಂದು ಎಂಟ್ರಿ ತಪ್ಪಿತ್ತು." ವಿರುದ್ಧ: "ಜಿಎಸ್‌ಟಿ ರಿಟರ್ನ್ ಕೆಲಸ ಈಗಲೂ ನನಗೇ ಕೊಡ್ತಾರ. ಬಾಜು ಟೇಬಲ್ಲಿನವರಿಗೂ ಇದೇ ಮಾತು ಅಂದಿದ್ರು." "ನನಗ ಹಂಗ ಅನಿಸ್ತೈತಿ" ಎಂಬುದು ಎರಡೂ ಕಡೆ ಪುರಾವೆ ಅಲ್ಲ. ಕೊನೆಗೆ "ಪಾಸಿಟಿವ್ ಇರಬೇಕು" ಎಂದು ಬರೆದಿರಲ್ಲ, ಬರೆದ ಮೇಲೆ ಇನ್ನೂ ಕೆಟ್ಟ ಅನಿಸಲಿಕ್ಕೆ ಅದೇ ಕಾರಣ. ಅದು ಹೊಸ ವಿಚಾರ ಅಲ್ಲ, ಮತ್ತೊಂದು ಬೈಗುಳ. ಬದಲಿ ಸಾಲು ನೀವು ಅರ್ಧಕ್ಕಿಂತ ಹೆಚ್ಚು ನಂಬುವಂಥದ್ದಾಗಿರಬೇಕು: "ಈ ಲೆಕ್ಕದಾಗ ತಪ್ಪಿತ್ತು, ತಿದ್ದಿ ಕೊಟ್ಟೆ. ತಗೆಯುವ ಮಾತು ಯಾರೂ ಆಡಿಲ್ಲ." ಮತ್ತೆ ಅಂಕಿ ನೋಡಿ. 80 ಇದ್ದದ್ದು 60ಕ್ಕೆ ಬಂದರೆ ಆ ದಿನದ ಕೆಲಸ ಆತು. ಸೊನ್ನೆಗೆ ಇಳಿಸಲು ಹೊರಟವರು ನಾಲ್ಕು ದಿನಕ್ಕೇ ನೋಟ್‌ಬುಕ್ ಮುಚ್ಚುತ್ತಾರೆ.

ದಿನಕ್ಕೆ ಒಂದೇ ಸಾಲು, 10-15 ನಿಮಿಷ, ಅದೇ ದಿನ, ಕುರ್ಚಿ ಮೇಲೆ ಕೂತು. ಹಾಸಿಗೆಯಲ್ಲಿ ಬೇಡ. ಮನಸ್ಸಿನೊಳಗೇ ಮಾಡುತ್ತೇನೆ ಅಂದರೆ ಅದೇ ವಿಚಾರ ಗಾಣದೆತ್ತಿನ ಹಾಗೆ ಸುತ್ತುತ್ತದೆ.

ಪ್ರಶ್ನೆ, ಗದಗದಿಂದ: "ವಿರುದ್ಧ" ಕಾಲಂ ಖಾಲಿ ಉಳಿತೈತ್ರಿ. ಏನೂ ನೆನಪಾಗೂದಿಲ್ಲ.

ಉತ್ತರ: ಅದು ನಿಮ್ಮ ಕೊರತೆ ಅಲ್ಲ, ಕಾಯಿಲೆಯ ಲಕ್ಷಣ. ಖಿನ್ನತೆಯಲ್ಲಿ ಕೆಟ್ಟ ನೆನಪು ಲಗೂನ ಬರುತ್ತದೆ, ಚಲೋ ನೆನಪು ಬಂದರೂ ವಿವರ ಮಸುಕಾಗಿರುತ್ತದೆ. ಅದಕ್ಕೇ ಪುರಾವೆಯನ್ನು ಸಂಜೆ ಹುಡುಕದೆ, ಹಗಲೇ ಕೂಡಿಡಬೇಕು. ಕಿಸೆಯಲ್ಲಿ ಒಂದು ಚೀಟಿ ಇರಲಿ, ಮಾಡಿದ ಕೆಲಸವನ್ನು ಮಾಡಿದ ಕೂಡಲೇ ಬರೆಯಿರಿ. "ಲೈಟ್ ಬಿಲ್ ತುಂಬಿದೆ" ಅಂದರೂ ಸಾಕು. ಇದೇ ಸಾಲನ್ನು ನಿಮ್ಮ ತಂಗಿ ಬರೆದಿದ್ದರೆ ಆಕಿಗೆ ಏನು ಹೇಳುತ್ತಿದ್ದಿರಿ ಎಂದೂ ಕೇಳಿಕೊಳ್ಳಿ.

ಆದರೂ ಖಾಲಿ ಉಳಿದರೆ ಸಣ್ಣ ಪ್ರಯೋಗ ಮಾಡಿ. "ನಾ ಫೋನ್ ಮಾಡಿದ್ರ ಗೆಳತಿಗೆ ಕಿರಿಕಿರಿ ಆಗ್ತೈತಿ, ಎರಡು ಮಾತಾಡಿ ಇಟ್ಟುಬಿಡ್ತಾಳ, ನಂಬಿಕೆ 85" ಎಂದು ಮೊದಲೇ ಬರೆದಿಟ್ಟು ಫೋನ್ ಮಾಡಿ. ಎಷ್ಟು ನಿಮಿಷ ಮಾತಾಡಿದಳು, ಏನಂದಳು, ಅದನ್ನಷ್ಟೇ ಬರೆಯಿರಿ. "ದನಿ ಒಂಥರಾ ಇತ್ತು" ಎಂದು ಬರೆದರೆ ಮತ್ತೆ ಬೇರೆಯವರ ಮನಸ್ಸು ಓದಲಿಕ್ಕೆ ಹೊಂಟಂಗ ಆತು.

ಪ್ರಶ್ನೆ, ಹಾವೇರಿ ಜಿಲ್ಲೆಯಿಂದ: ನಂದು ತಪ್ಪು ವಿಚಾರ ಅಲ್ರಿ ಅಕ್ಕಾರ. ಮೆಣಸಿನಕಾಯಿ ಬೆಳಿ ಹೋಗೈತಿ, ಸಾಲ ಐತಿ. ಮನಿ ಮುಳುಗಿಸಿದೆ, ನಾ ಇಲ್ದಿದ್ರ ಮನಿಯವರಿಗೆ ಚಲೋ ಅನಿಸ್ತೈತಿ. ಬರದು ಏನ್ ಮಾಡ್ಲಿ?

ಉತ್ತರ: ಅಣ್ಣಾರ, ನಿಮ್ಮ ಕೊನೆಯ ಮಾತಿಗೆ ಮೊದಲು ಬರ್ತೀನಿ. "ನಾ ಇಲ್ದಿದ್ರ ಚಲೋ" ಎಂಬುದನ್ನು ನೋಟ್‌ಬುಕ್ಕಿನಲ್ಲಿ ಒಬ್ಬರೇ ಕೂತು ಪರೀಕ್ಷೆ ಮಾಡಬೇಡಿ. ಇವತ್ತೇ ಮನೆಯಲ್ಲಿ ಒಬ್ಬರಿಗೆ ಇದೇ ಮಾತಿನಲ್ಲಿ ಹೇಳಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು, ರೊಕ್ಕ ಇಲ್ಲ. ಹೊಲಕ್ಕೆ ಹೊಡೆಯುವ ಎಣ್ಣಿ (ಕೀಟನಾಶಕ) ಡಬ್ಬಿಗಳು ಮನೆಯಲ್ಲಿದ್ದರೆ ಬೇರೆಯವರ ವಶಕ್ಕೆ ಕೊಡಿ, ಕೀಲಿಕೈ ನಿಮ್ಮ ಹತ್ತಿರ ಬೇಡ. ಆ ವಿಚಾರದ ಜೋರು ಬಹಳ ಸಲ ಸ್ವಲ್ಪ ಹೊತ್ತಿನದು, ಆ ಹೊತ್ತಿನಲ್ಲಿ ಡಬ್ಬಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ನಿಮ್ಮ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೋ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೋ ಒಬ್ಬರನ್ನು ಕರಕೊಂಡು ಬನ್ನಿ. ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿನಲ್ಲೂ ಮನೋವೈದ್ಯರು ನೋಡುತ್ತಾರೆ, ಯಾವ ದಿನ ಬರುತ್ತಾರೆ ಎಂದು ಕೇಳಿಕೊಂಡು ಹೋಗಿ.

ಇನ್ನು ಸಾಲ. ಸಾಲ ಐತಿ ಎಂಬುದು ಖರೆ, ಅದರ ಜೋಡಿ ವಾದ ಬೇಡ. ಖರೆ ಸಂಗತಿಗೆ ಬೇರೆ ಹಾಳೆ ಬೇಕು: ಬ್ಯಾಂಕು, ಸೊಸೈಟಿ, ಕೈಸಾಲ, ಒಂದೊಂದರ ಅಸಲು, ಬಡ್ಡಿ, ಕಂತಿನ ತಾರೀಖು. ಈ ವಾರ ಅದರಲ್ಲಿ ಒಂದೇ ಹೆಜ್ಜೆ, ಉದಾಹರಣೆಗೆ ಬೆಳೆ ಹಾನಿಯ ಕಾಗದ ತಗೊಂಡು ಬ್ಯಾಂಕಿಗೆ ಹೋಗಿ ಕಂತು ಮುಂದೂಡಲು ಬರುತ್ತದೆಯೇ ಎಂದು ಕೇಳುವುದು. "ಮನಿ ಮುಳುಗಿಸಿದೆ" ಎಂಬುದು ಮಾತ್ರ ಪರೀಕ್ಷೆ ಮಾಡುವ ಸಾಲು. ಮಳೆಯ ಪಾಲೆಷ್ಟು, ರೋಗದ್ದೆಷ್ಟು, ದರದ್ದೆಷ್ಟು, ಎಲ್ಲ ಬರೆದು ಕಡೆಗೆ ನಿಮ್ಮ ಪಾಲು ಎಷ್ಟು ಉಳಿಯಿತು ನೋಡಿ. ಇದನ್ನು ವೈದ್ಯರನ್ನು ಕಂಡ ಮೇಲೆ ಮಾಡಿ, ಅವಸರ ಇಲ್ಲ.

ಪ್ರಶ್ನೆ, ಧಾರವಾಡದಿಂದ: ನಮ್ಮ ಮನಿಯವರು ಬೆಳಗಿನ 4ಕ್ಕ ಎದ್ದು ಕೂಡ್ತಾರ, ಎಲ್ಲಾ ಮುಗೀತು ಅಂತಾರ. "ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ" ಅಂತ ಎಷ್ಟ ಹೇಳಿದ್ರೂ ಕೇಳೂದಿಲ್ಲ. ಪೇಪರ್ ಸುದ್ದಾ ಓದೂದಿಲ್ಲ.

ಉತ್ತರ: ಪೇಪರಿನ ನಾಲ್ಕು ಸಾಲು ಓದಲು ಆಗದವರ ಕೈಗೆ ನೋಟ್‌ಬುಕ್ ಕೊಡಬೇಡಿ. ಬರೆಯಲು ಆಗಲಿಲ್ಲ ಎಂಬುದೇ ಅವರಿಗೆ ಇನ್ನೊಂದು ಸೋಲು ಆಗುತ್ತದೆ. ಈ ಹಂತದಲ್ಲಿ ಮೊದಲು ಚಟುವಟಿಕೆ: ಎದ್ದ ಮೇಲೆ ಜಳಕ, ಬೆಳಕಾದ ಮೇಲೆ ನೀವೂ ಜೋಡಿಗೆ ಹೋಗಿ ಸಾಧನಕೇರಿ ಕಡೆ 15-20 ನಿಮಿಷ ಅಡ್ಡಾಡುವುದು. ಮನಸ್ಸು ಬಂದಾಗ ಹೋಗೋಣ ಎಂದರೆ ಆ ದಿನ ಬರುವುದಿಲ್ಲ, ಗಡಿಯಾರ ನೋಡಿ ಹೊರಡಿ. ಹೋಗುವ ಮುಂಚೆ, ಬಂದ ಮೇಲೆ ಮನಸ್ಸು ಹತ್ತರಲ್ಲಿ ಎಷ್ಟು ಚಲೋ ಐತಿ ಅಂತ ಕೇಳಿ ಕ್ಯಾಲೆಂಡರಿನಲ್ಲಿ ಬರೆದಿಡಿ.

ಹೊತ್ತಿಗೆ ಮುಂಚೆ ಎಚ್ಚರ ಆಗುವುದು, ಬೆಳಿಗ್ಗೆ ಹೆಚ್ಚು ಕುಗ್ಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ. 4 ಗಂಟೆಗೆ ವಾದ, ಸಮಾಧಾನ ಎರಡೂ ಬೇಡ. "ಯಾವ ಮಾತು ಓಡ್ಲಿಕತ್ತೈತಿ?" ಎಂದು ಕೇಳಿ, ಒಂದು ಸಾಲು ನೀವೇ ಬರೆದುಕೊಂಡು "ಸಂಜಿ 5ಕ್ಕ ನೋಡೋಣ್ರಿ" ಎನ್ನಿ. "ಮುಗೀತು" ಎಂಬ ಮಾತಿಗೆ ಸಾಯುವ ಅರ್ಥ ಇದೆಯಾ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರಕೊಂಡು ಹೋಗಿ.

ಪ್ರಶ್ನೆ, ಹುಬ್ಬಳ್ಳಿಯಿಂದ: ಬರಿಯೂದು ಹಿಡೀತಂದ್ರ ಗುಳಿಗಿ ಬಿಡಬಹುದೇನ್ರಿ?

ಉತ್ತರ: ಈಗ ಬೇಡ್ರಿ. ಪೂರ್ತಿ ಆರಾಮಾದ ಮೇಲೂ ಸಾಮಾನ್ಯವಾಗಿ 6 ತಿಂಗಳಾದರೂ ಮುಂದುವರಿಸುತ್ತಾರೆ, ಮೊದಲೇ ಬಿಟ್ಟರೆ ಕಾಯಿಲೆ ಮರಳುವ ಸಂಭವ ಹೆಚ್ಚು. ಒಮ್ಮೆಲೆ ನಿಲ್ಲಿಸಿದರೆ ತಲೆ ತಿರುಗುವುದು, ನಿದ್ದಿ ಕೆಡುವುದು, ಕಿರಿಕಿರಿ ಶುರುವಾಗಬಹುದು. ಇಳಿಸುವುದಿದ್ದರೆ ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ. ಥೈರಾಯ್ಡ್, ಬಿ12 ರಕ್ತಪರೀಕ್ಷೆ ಆಗಿಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಕೇಳಿ, ನೋಟ್‌ಬುಕ್ಕನ್ನೂ ಜೋಡಿಗೆ ಒಯ್ಯಿರಿ.